ಇನ್ನೂರು ಅಂಕಗಳ ಆಯವ್ಯಯ

ಆನ್‌ಲೈನ್ ಆಟಗಳ ಬಗ್ಗೆ ನಮ್ಮ ಶಾಸನಸಭೆಗಳಲ್ಲಿ, ನ್ಯಾಯಾಲಯಗಳಲ್ಲಿ ಇದುವರೆಗೆ ನಡೆದ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ: ಇದು ಕೌಶಲದ ಆಟವೋ, ಅದೃಷ್ಟದ ಆಟವೋ? 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ರಾಜ್ಯ ಹೈಕೋರ್ಟ್ ಆ ನಿಬಂಧನೆಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು, ಕೌಶಲವೋ ಅದೃಷ್ಟವೋ ಎಂದು ನೋಡದೆ, ಗಳಿಕೆಯ ನಿರೀಕ್ಷೆಯಿಂದ ಹಣ ತೊಡಗಿಸುವ ಆಟಗಳನ್ನೆಲ್ಲ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮಾನ್ಯತೆ ನೀಡಿತು. ಈ ಇಡೀ ಚರ್ಚೆಯಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಕಣಕ್ಕಿಳಿಯುವಾಗ ಆಟಗಾರರ ಕೈಯಲ್ಲಿರುವ ಬಂಡವಾಳ ಸಮಾನವೇ?

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಟ್ಟ ಆಟವೆಂದರೆ, ನಾನು ಕಂಡಂತೆ, ‘ಗಿಲ್ಡ್ ವಾರ್ಸ್’. ಅಮೆರಿಕದ ವಾಷಿಂಗ್ಟನ್ ರಾಜ್ಯದ ಅರೇನಾನೆಟ್ ಎಂಬ ಸಂಸ್ಥೆ ರೂಪಿಸಿ, ಕೊರಿಯಾದ ಎನ್‌ಸಿಸಾಫ್ಟ್ ಪ್ರಕಟಿಸಿದ ಈ ಆಟ 2005ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ನನ್ನ ಮಗಳು ಇಂಜಿನಿಯರಿಂಗ್ ಓದುತ್ತಿದ್ದ ಕಾಲದಲ್ಲಿ ಇದನ್ನು ಆಡುತ್ತಿದ್ದಳು. ಪಕ್ಕದಲ್ಲಿ ಕುಳಿತು ನೋಡಿದಷ್ಟೂ ನನಗೆ ಅದರಲ್ಲಿ ಕಂಡದ್ದು ಮಾಟಮಂತ್ರಕ್ಕಿಂತ ಹೆಚ್ಚಾಗಿ ಆಯವ್ಯಯ ಪತ್ರ!

ಪಾತ್ರವೊಂದು ಇಪ್ಪತ್ತನೆಯ ಹಂತಕ್ಕೆ ಬಂದರೆ ಮುಗಿಯಿತು, ಅದರಾಚೆ ಹಂತವಿಲ್ಲ. ಆಟಗಾರರೊಡನೆ ಆಟಗಾರರೇ ಕಾದಾಡುವ ಪಂದ್ಯಗಳಿಗೆಂದಾದರೆ ಮೊದಲ ದಿನವೇ ಇಪ್ಪತ್ತನೆಯ ಹಂತದ ಪಾತ್ರವನ್ನು ಪಡೆಯಬಹುದು. ಎಲ್ಲರಿಗೂ ಅದೇ 480 ಜೀವಾಂಶ, ಗುಣಗಳ ಮೇಲೆ ಹಂಚಲು ಅದೇ 200 ಅಂಕ, ಯುದ್ಧಕ್ಕೆ ಒಯ್ಯಲು ಎಂಟೇ ಎಂಟು ಕೌಶಲ. ಯೋಧ, ಬಿಲ್ಲುಗಾರ, ಮಾಂಕ್, ನೆಕ್ರೊಮ್ಯಾನ್ಸರ್, ಮೆಸ್ಮರ್, ಎಲಿಮೆಂಟಲಿಸ್ಟ್ ಎಂಬ ಆರು ವೃತ್ತಿಗಳಲ್ಲಿ ಒಂದು ಮುಖ್ಯ ವೃತ್ತಿ, ಇನ್ನೊಂದು ಉಪವೃತ್ತಿ. ಹೀಗೆ ಮೂವತ್ತು ಜೋಡಿಗಳು. ಎರಡು ವೃತ್ತಿಗಳಿಂದ ನೂರಕ್ಕೂ ಹೆಚ್ಚು ಕೌಶಲಗಳು ಲಭ್ಯವಿದ್ದರೂ ಎಂಟನ್ನು ಮಾತ್ರ ಆರಿಸಬೇಕು, ಅವುಗಳಲ್ಲಿ ‘ಎಲೀಟ್’ ಎನ್ನಿಸಿಕೊಂಡದ್ದು ಒಂದೇ ಇರಬೇಕು. ಪಂದ್ಯ ಆರಂಭವಾದ ಮೇಲೆ ಬದಲಾಯಿಸುವಂತಿಲ್ಲ. ಈ ಆಯ್ಕೆಯ ಒಟ್ಟು ರೂಪವನ್ನೇ ಆಟಗಾರರು ‘ಬಿಲ್ಡ್’ ಎನ್ನುತ್ತಾರೆ.

ಇನ್ನೂರು ಅಂಕಗಳ ಲೆಕ್ಕ ಇನ್ನೂ ಸೊಗಸಾದದ್ದು. ಗುಣವೊಂದನ್ನು ಸೊನ್ನೆಯಿಂದ ಒಂದಕ್ಕೆ ಏರಿಸಲು ಒಂದು ಅಂಕ, ಆರರಿಂದ ಏಳಕ್ಕೆ ಏಳು ಅಂಕ, ಹನ್ನೊಂದರಿಂದ ಹನ್ನೆರಡಕ್ಕೆ ಇಪ್ಪತ್ತು ಅಂಕ. ಸೊನ್ನೆಯಿಂದ ಹನ್ನೆರಡಕ್ಕೆ ಒಟ್ಟು 97. ಎರಡು ಗುಣಗಳನ್ನು ಹನ್ನೆರಡಕ್ಕೆ ಒಯ್ದರೆ 194 ಖರ್ಚಾಗಿ, ಉಳಿದ ಆರರಲ್ಲಿ ಮೂರನೆಯದನ್ನು ಬರೀ ಮೂರಕ್ಕೆ ತರಬಹುದು. ಬದಲಿಗೆ ಒಂದನ್ನು ಹನ್ನೊಂದರಲ್ಲಿ, ಎರಡನ್ನು ಹತ್ತರಲ್ಲಿ ನಿಲ್ಲಿಸಿದರೆ 199ರಲ್ಲಿ ಮೂರು ಗುಣಗಳು ಗಟ್ಟಿಯಾಗುತ್ತವೆ. ಏರುತ್ತ ಹೋಗುವ ಸೀಮಾಂತ ವೆಚ್ಚವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಪಠ್ಯಪುಸ್ತಕವನ್ನು ನಾನು ಎಂ.ಎ. ತರಗತಿಯಲ್ಲೂ ನೋಡಿರಲಿಲ್ಲ. ಪರಿಮಿತ ಸಾಧನ, ಅದಕ್ಕೆ ಹಲವು ಬಳಕೆ, ಅವುಗಳ ನಡುವೆ ಆಯ್ಕೆ ಎಂದು ಅರ್ಥಶಾಸ್ತ್ರವನ್ನು ಲಯನೆಲ್ ರಾಬಿನ್ಸ್ 1932ರಲ್ಲಿ ವ್ಯಾಖ್ಯಾನಿಸಿದರು. ನಮ್ಮ ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿದ್ದರು. ಇಲ್ಲಿ ಎಲ್ಲರ ಹಾಸಿಗೆಯೂ ಒಂದೇ ಅಳತೆಯದು, ಚಾಚುವ ಬಗೆ ಮಾತ್ರ ಬೇರೆ.

ಹನ್ನೆರಡರಾಚೆಗೂ ಹೋಗಬೇಕೆಂಬ ಆಸೆಯುಳ್ಳವರಿಗೆ ದಾರಿಯಿದೆ. ಕವಚದಲ್ಲಿ ಹುದುಗಿಸುವ ‘ರೂನ್’ಗಳಲ್ಲಿ ಅತ್ಯುತ್ತಮವಾದದ್ದು ಗುಣವನ್ನು ಮೂರು ಮೆಟ್ಟಿಲು ಏರಿಸುತ್ತದೆ. ಆದರೆ 480 ಜೀವಾಂಶದಲ್ಲಿ 75ನ್ನು ಕಿತ್ತುಕೊಳ್ಳುತ್ತದೆ. ಬಲ ಬೇಕಾದರೆ ಬಾಳಿಕೆಯನ್ನು ತೆರಬೇಕು. ಎದುರಾಳಿ ತಂಡ ಮೊದಲು ಹುಡುಕುವುದೇ ಇಂತಹ ದುರಾಸೆಯ ಪಾತ್ರವನ್ನು.

ಒಬ್ಬೊಬ್ಬರ ಬಿಲ್ಡ್ ಕಥೆಯ ಅರ್ಧ ಮಾತ್ರ. ಗಿಲ್ಡ್‌ಗಳ ನಡುವಣ ಕದನ ಎಂಟು ಜನರಿಗೆ ಎಂಟು ಜನರಂತೆ ನಡೆಯುತ್ತಿತ್ತು. ಎರಡೂ ತಂಡಗಳಿಗೆ ಒಂದೊಂದು ಕೋಟೆ, ಅದರೊಳಗೆ ಗಿಲ್ಡ್‌ನ ಒಡೆಯ. ಎದುರಾಳಿಯ ಒಡೆಯನನ್ನು ಕೊಂದವರಿಗೆ ಜಯ. ತಾವೊಬ್ಬರೇ ಎಲ್ಲವನ್ನೂ ಮಾಡಬಲ್ಲ ಎಂಟು ಮಂದಿ ಸರ್ವಜ್ಞರ ತಂಡ ಇಲ್ಲಿ ಖಂಡಿತ ಸೋಲುತ್ತದೆ. ಆಡಂ ಸ್ಮಿತ್ ಗುಂಡುಸೂಜಿಯ ಕಾರ್ಖಾನೆಯಲ್ಲಿ ಕಂಡ ಶ್ರಮವಿಭಜನೆ ಇಲ್ಲಿಯೂ ಇದೆ. ಇಬ್ಬರು ಮಾಂಕ್‌ಗಳು ತಂಡವನ್ನು ಬದುಕಿಸುವವರು, ಒಬ್ಬಿಬ್ಬರು ಯೋಧರು ಮುಂದೆ ನಿಂತು ಹೊಡೆಯುವವರು, ಮೆಸ್ಮರ್ ಎದುರಾಳಿಯ ಕೆಲಸ ಕೆಡಿಸುವವನು. ಈ ಮೆಸ್ಮರ್ ವಿಚಿತ್ರ ಪಾತ್ರ. ಅವನು ಹಾಕುವ ‘ಡೈವರ್ಷನ್’ ಎಂಬ ಶಾಪದ ಆರು ಸೆಕೆಂಡಿನೊಳಗೆ ಎದುರಾಳಿ ಯಾವ ಕೌಶಲವನ್ನು ಬಳಸಿದರೂ ಅದು ಮುಕ್ಕಾಲು ನಿಮಿಷದಷ್ಟು ಕಾಲ ನಿಷ್ಕ್ರಿಯವಾಗುತ್ತದೆ. ಬಳಸದೆ ಕೈಕಟ್ಟಿ ಕುಳಿತರೆ ಜೊತೆಗಾರ ಸಾಯುತ್ತಾನೆ. ಕಡತಕ್ಕೆ ಸಹಿ ಹಾಕಿದರೂ ತೊಂದರೆ, ಹಾಕದಿದ್ದರೂ ತೊಂದರೆ ಎಂಬ ಸ್ಥಿತಿ ಸರ್ಕಾರಿ ನೌಕರಿ ಮಾಡಿದವರಿಗೆ ಹೊಸದೇನಲ್ಲ.

ಗುಂಪಿನ ತಂತ್ರಗಳಲ್ಲಿ ಹೆಸರಾದದ್ದು ‘ಸ್ಪೈಕ್’. ನಾಯಕ ಗುರಿಯನ್ನು ಸೂಚಿಸುತ್ತಾನೆ, ಉಳಿದವರು ಒಂದು ಕೀಲಿ ಒತ್ತಿ ಅದೇ ಗುರಿಯನ್ನು ಹಿಡಿಯುತ್ತಾರೆ, ಹೆಡ್‌ಫೋನಿನಲ್ಲಿ ಮೂರು, ಎರಡು, ಒಂದು ಎಂಬ ಎಣಿಕೆ. ಒಂದೊಂದು ಕೌಶಲಕ್ಕೂ ಸಿದ್ಧತೆಯ ಅವಧಿ ಬೇರೆಬೇರೆಯಾದ್ದರಿಂದ ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಪೆಟ್ಟುಗಳು ಚದುರುತ್ತವೆ. ಹಿಂದೆ ಮುಂದೆ ಶುರು ಮಾಡಿ ಒಂದೇ ಕ್ಷಣಕ್ಕೆ ಬೀಳುವಂತೆ ನೋಡಿಕೊಳ್ಳಬೇಕು. ಸರಿಯಾಗಿ ಬಿದ್ದರೆ ಪೂರ್ಣ ಆರೋಗ್ಯದಲ್ಲಿದ್ದ ಪಾತ್ರ ಒಂದು ಸೆಕೆಂಡಿನೊಳಗೆ ನೆಲಕ್ಕುರುಳುತ್ತದೆ. ಚಕ್ರವ್ಯೂಹದಲ್ಲಿ ಅಭಿಮನ್ಯುವಿನ ಮೇಲೆ ಮಹಾರಥರು ಒಮ್ಮೆಲೇ ಎರಗಿದ್ದು ಅಧರ್ಮವೆನಿಸಿತು, ಇಲ್ಲಿ ಅದೇ ವಿದ್ಯೆ. ಇದಕ್ಕೆ ಪ್ರತಿಯಾಗಿ ಮಾಂಕ್‌ನ ಬಳಿ ‘ಇನ್‌ಫ್ಯೂಸ್ ಹೆಲ್ತ್’ ಎಂಬ ಕೌಶಲವಿದೆ. ಕಾಲು ಸೆಕೆಂಡಿನಲ್ಲಿ ತನ್ನ ಜೀವಾಂಶದ ಅರ್ಧವನ್ನು ತೆತ್ತು ಜೊತೆಗಾರನನ್ನು ಉಳಿಸುವುದು. ಅದನ್ನು ಬಳಸಿದ ಮರುಗಳಿಗೆಯಲ್ಲಿ ಅವನೇ ಅರ್ಧ ಸತ್ತವನು. ಜಾಣ ತಂಡ ಮುಂದಿನ ಸ್ಪೈಕ್ ಅನ್ನು ಅವನ ಮೇಲೆಯೇ ಹಾಕುತ್ತದೆ.

ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾದದ್ದು ಬಾವುಟ ಹೊರುವವನ ಕೆಲಸ. ಮೈದಾನದ ನಡುವಿನ ಕಂಬದಲ್ಲಿ ತನ್ನ ಬಾವುಟವನ್ನು ಎರಡು ನಿಮಿಷ ಉಳಿಸಿಕೊಂಡ ತಂಡಕ್ಕೆ ಬಲವರ್ಧನೆ ದೊರೆಯುತ್ತದೆ. ಸಾವಿಗೊಮ್ಮೆ ಶೇ 15ರಂತೆ ಕುಗ್ಗುವ ಶಕ್ತಿಯಲ್ಲಿ ಶೇ 10ರಷ್ಟು ಮರಳುತ್ತದೆ. ಸತ್ತವರನ್ನು ಎಬ್ಬಿಸುವ, ಒಮ್ಮೆ ಮಾತ್ರ ಬಳಸಬಹುದಾದ ಕೌಶಲವೂ ಮತ್ತೆ ಲಭ್ಯವಾಗುತ್ತದೆ. ಹಾಗಾಗಿ ಒಬ್ಬ ಪಂದ್ಯದುದ್ದಕ್ಕೂ ಕೋಟೆಯಿಂದ ಕಂಬಕ್ಕೆ, ಕಂಬದಿಂದ ಕೋಟೆಗೆ ಓಡುತ್ತಲೇ ಇರುತ್ತಾನೆ. ಬಾವುಟ ಹಿಡಿದ ಕೈಯಲ್ಲಿ ಆಯುಧ ಹಿಡಿಯುವಂತಿಲ್ಲ. ಅವನು ಕೊಂದವರ ಲೆಕ್ಕ ಬಹುತೇಕ ಸೊನ್ನೆ. ಆದರೆ ಅವನು ಹತ್ತು ಸೆಕೆಂಡು ತಡಮಾಡಿದರೆ ಏಳು ಜನ ವೀರರ ಶ್ರಮ ನೀರುಪಾಲು.

ಇದರ ಜೊತೆಗೆ ‘ಸ್ಪ್ಲಿಟ್’ ಎಂಬ ತಂತ್ರವೂ ಇದೆ. ಐವರು ಮೈದಾನದಲ್ಲಿ ನಿಂತು ಎದುರಾಳಿಯನ್ನು ತಡೆಯುತ್ತಿರುವಾಗ ಮೂವರು ಸುತ್ತುಬಳಸಿ ಅವರ ಕೋಟೆಗೆ ನುಗ್ಗುತ್ತಾರೆ. ರಕ್ಷಣೆಗೆ ಒಬ್ಬರನ್ನು ಕಳಿಸಿದರೆ ಸಾಲದು, ನಾಲ್ವರನ್ನು ಕಳಿಸಿದರೆ ಮೈದಾನ ಹೋಗುತ್ತದೆ. ಫ್ರೆಂಚ್ ಗಣಿತಜ್ಞ ಎಮಿಲ್ ಬೊರೆಲ್ 1921ರಲ್ಲಿಯೇ ಈ ಬಗೆಯ ಸಮಸ್ಯೆಯನ್ನು ಮಂಡಿಸಿದ್ದರು. ಮುಂದೆ ಅದಕ್ಕೆ ‘ಕರ್ನಲ್ ಬ್ಲಾಟೊ’ ಆಟವೆಂಬ ಹೆಸರು ಬಂತು. ಸೀಮಿತ ಸೈನ್ಯವನ್ನು ಹಲವು ರಣಾಂಗಣಗಳಿಗೆ ಹಂಚುವಾಗ ಸಾಮಾನ್ಯವಾಗಿ ಯಾವ ಒಂದು ನಿಶ್ಚಿತ ಹಂಚಿಕೆಯೂ ಎಲ್ಲ ಸಂದರ್ಭಕ್ಕೂ ಶ್ರೇಷ್ಠವಾಗದು, ಏಕೆಂದರೆ ಅದನ್ನು ಅರಿತ ಎದುರಾಳಿ ತನ್ನ ಹಂಚಿಕೆಯನ್ನು ಬದಲಿಸುತ್ತಾನೆ. ಈ ಆಟದಲ್ಲೂ ಆದದ್ದು ಅದೇ. ಉನ್ನತ ಗಿಲ್ಡ್‌ಗಳ ಪಂದ್ಯಗಳನ್ನು ಯಾರು ಬೇಕಾದರೂ ನೋಡಬಹುದಿತ್ತು. ಇಂದು ಗೆದ್ದ ಬಿಲ್ಡ್ ನಾಳೆ ಎಲ್ಲರ ಬಳಿ ಇರುತ್ತಿತ್ತು, ನಾಡಿದ್ದು ಅದನ್ನು ಮುರಿಯುವ ಬಿಲ್ಡ್ ಹುಟ್ಟುತ್ತಿತ್ತು. ಇಲ್ಲಿ ಪೇಟೆಂಟ್ ಇಲ್ಲ. ಒಂದು ಬಿಲ್ಡ್ ತೀರಾ ಮೇಲುಗೈ ಸಾಧಿಸಿದರೆ ಸಂಸ್ಥೆಯೇ ಕೌಶಲಗಳ ಬಲವನ್ನು ಏರಿಳಿಸಿ ಸಮತೋಲ ತರುತ್ತಿತ್ತು. 2006ರ ಫೆಬ್ರುವರಿಯಲ್ಲಿ ತೈಪೆಯಲ್ಲಿ ನಡೆದ ಈ ಆಟದ ವಿಶ್ವ ಚಾಂಪಿಯನ್‌ಷಿಪ್ ಅನ್ನು ಕೊರಿಯಾದ ತಂಡ ಗೆದ್ದುಕೊಂಡಿತು.

ಸಮಾನತೆ ಎಂದೆನಲ್ಲ, ಅದು ಸಂಪೂರ್ಣವೇನೂ ಆಗಿರಲಿಲ್ಲ. ಸಂಸ್ಥೆ ಧರ್ಮಛತ್ರ ನಡೆಸುತ್ತಿರಲಿಲ್ಲ. ಮಾಸಿಕ ಶುಲ್ಕವಿರಲಿಲ್ಲ, ನಿಜ. ಆದರೆ 2006ರಲ್ಲಿ ಬಂದ ‘ಫ್ಯಾಕ್ಷನ್ಸ್’ ಮತ್ತು ‘ನೈಟ್‌ಫಾಲ್’ ಭಾಗಗಳು ಹೊಸ ಕೌಶಲಗಳನ್ನು ತಂದವು, ಅವನ್ನು ಕೊಳ್ಳದವರ ಆಯ್ಕೆಯ ಪಟ್ಟಿ ಚಿಕ್ಕದಾಯಿತು. ಹಾಗಿದ್ದರೂ ಹಣ ಕೊಟ್ಟವನಿಗೆ ಸಿಕ್ಕದ್ದು ಹೆಚ್ಚು ಆಯ್ಕೆಯೇ ವಿನಾ 201ನೆಯ ಅಂಕವಲ್ಲ, ಒಂಬತ್ತನೆಯ ಕೌಶಲವಲ್ಲ. ಇನ್ನೊಂದು ಅಸಮಾನತೆ ಭೂಗೋಳದ್ದು. ಬೆಂಗಳೂರಿನಿಂದ ದೂರದ ಸರ್ವರ್‌ಗೆ ಸಂದೇಶ ಹೋಗಿ ಬರಲು ಕಾಲು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ, ಒಂದು ಸೆಕೆಂಡಿನ ಮಂತ್ರವನ್ನು ನಡುವೆ ಕತ್ತರಿಸುವ ಕೆಲಸ ಕೈಗೂಡುವುದು ಕಷ್ಟ. ನನ್ನ ಮಗಳು ಮೆಸ್ಮರ್ ಬಿಟ್ಟು, ಪೆಟ್ಟು ಬೀಳುವ ಮೊದಲೇ ರಕ್ಷಣೆ ಹಾಕಿಡುವ ಮಾಂಕ್ ಪಾತ್ರ ಹಿಡಿದದ್ದು ಇದೇ ಕಾರಣಕ್ಕೆ. ವಿಳಂಬ ಖಚಿತವೆಂದಾದರೆ ಮುಂಗಡ ಯೋಜನೆಯೇ ಗತಿ.

ಎಂಟು ಜನರ ಶಿಸ್ತನ್ನು ಎಂಟು ಸಾವಿರಕ್ಕೆ ಹಿಗ್ಗಿಸಿದರೆ ಏನಾಗುತ್ತದೆಂಬುದಕ್ಕೆ ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯ ‘ಈವ್ ಆನ್‌ಲೈನ್’ ನಿದರ್ಶನ. ಅದರಲ್ಲಿ 2014ರ ಜನವರಿ 27ರಂದು ಆರಂಭವಾದ ಒಂದು ಕದನದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಪಾತ್ರಗಳು ಭಾಗವಹಿಸಿ, ‘ಟೈಟನ್’ ಎಂಬ ಅತಿ ದೊಡ್ಡ ನೌಕೆಗಳು 75 ನಾಶವಾದವು. ನಷ್ಟವನ್ನು ನೈಜ ಹಣಕ್ಕೆ ಪರಿವರ್ತಿಸಿದರೆ ಸುಮಾರು ಮೂರು ಲಕ್ಷ ಡಾಲರ್ ಎಂದು ಅಂದಾಜಾಯಿತು. ಇದಕ್ಕೆ ಕಾರಣ? ಆಯಕಟ್ಟಿನ ಒಂದು ತಾರಾವಲಯದ ಒಡೆತನದ ಶುಲ್ಕ ಸಕಾಲದಲ್ಲಿ ಪಾವತಿಯಾಗಲಿಲ್ಲ. ಗುಂಪು ದೊಡ್ಡದಾದಷ್ಟೂ ಸಾಮೂಹಿಕ ಹೊಣೆ ಯಾರ ಹೊಣೆಯೂ ಆಗದೆ ಉಳಿಯುತ್ತದೆಂದು ಮ್ಯಾನ್ಕುರ್ ಓಲ್ಸನ್ 1965ರಲ್ಲಿ ಬರೆದರು. ಖಜಾನೆ ಇಲಾಖೆಯ ಪರಿಚಯವುಳ್ಳವರು ಅವರನ್ನು ಓದದೆಯೂ ಇದನ್ನು ಬಲ್ಲರು.

ಇನ್ನು ನಾಣ್ಯದ ಮತ್ತೊಂದು ಮುಖ. ಗಿಲ್ಡ್ ವಾರ್ಸ್ ಪ್ರಕಟಿಸಿದ ಅದೇ ಎನ್‌ಸಿಸಾಫ್ಟ್ 2017ರಲ್ಲಿ ‘ಲೀನಿಯೇಜ್ ಎಂ’ ಎಂಬ ಮೊಬೈಲ್ ಆಟವನ್ನು ಕೊರಿಯಾದಲ್ಲಿ ಬಿಡುಗಡೆ ಮಾಡಿ ಅಪಾರ ಲಾಭ ಗಳಿಸಿತು. ಅದರಲ್ಲಿ ಪಾತ್ರದ ಬಲ ಹಣದೊಂದಿಗೆ ಬೆಳೆಯುತ್ತದೆ. ಅದೂ ನೇರವಾಗಿ ಅಲ್ಲ, ಲಾಟರಿಯಂತೆ: ಹಣ ಕೊಟ್ಟು ಪೆಟ್ಟಿಗೆ ತೆರೆಯಬೇಕು, ಬೇಕಾದದ್ದು ಬರುವತನಕ ಮತ್ತೆ ಮತ್ತೆ ತೆರೆಯಬೇಕು. ಇಂತಹ ಆಟದಲ್ಲಿ ಬಿಲ್ಡ್ ಎಂಬುದು ಆಯ್ಕೆಯಾಗಿ ಉಳಿಯದೆ ರಸೀದಿಯಾಗುತ್ತದೆ. ಹತ್ತು ಪಟ್ಟು ಖರ್ಚು ಮಾಡಿದವನ ಮುಂದೆ ಸ್ಪೈಕ್, ಸ್ಪ್ಲಿಟ್ ಯಾವುದೂ ನಡೆಯದು. ಬೆಲ್ಜಿಯಂ 2018ರಲ್ಲಿಯೇ ಹಣ ತೆತ್ತು ತೆರೆಯುವ ಇಂತಹ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ದಕ್ಷಿಣ ಕೊರಿಯಾ 2024ರ ಮಾರ್ಚ್‌ನಿಂದ ಪ್ರತಿ ವಸ್ತುವೂ ಸಿಗುವ ಸಂಭಾವ್ಯತೆಯನ್ನು ಪ್ರಕಟಿಸುವುದನ್ನು ಕಡ್ಡಾಯಗೊಳಿಸಿತು.

ನಮ್ಮ 2025ರ ಕಾಯ್ದೆ ಹಣ ಗೆಲ್ಲುವ ಆಸೆಯನ್ನು ಗುರಿಯಾಗಿಸಿದೆ. ಗೆಲ್ಲಲು ನಗದು ಏನೂ ಇಲ್ಲದೆ, ಬರೀ ಬಲಕ್ಕಾಗಿ ಹಣ ಸುರಿಸಿಕೊಳ್ಳುವ ಆಟದತ್ತ ಅದರ ಗಮನ ಹರಿದಿಲ್ಲ. ಬಾಲಕರ ಕೈಯಲ್ಲಿ ಹೆಚ್ಚಾಗಿರುವುದು ಎರಡನೆಯದು ಎಂಬುದು ನನ್ನ ಅನಿಸಿಕೆ. ಆದರೆ ಕಾಯ್ದೆಯ ಇ-ಸ್ಪೋರ್ಟ್ಸ್ ವ್ಯಾಖ್ಯಾನದಲ್ಲಿ ಒಂದು ಉಪಯುಕ್ತ ಮಾತಿದೆ. ಪಂದ್ಯದ ಫಲಿತಾಂಶವು ದೈಹಿಕ ಚುರುಕು, ಮಾನಸಿಕ ಚಾತುರ್ಯ, ಕಾರ್ಯತಂತ್ರದ ಚಿಂತನೆ ಮುಂತಾದ ಕೌಶಲಗಳಿಂದ ಮಾತ್ರ ನಿರ್ಧಾರವಾಗಬೇಕು ಎಂಬುದು ಅದರ ತಾತ್ಪರ್ಯ. ‘ಮಾತ್ರ’ ಎಂಬ ಆ ಒಂದು ಪದವನ್ನು ಗಂಭೀರವಾಗಿ ತೆಗೆದುಕೊಂಡರೆ, ಅಂಗಡಿಯಲ್ಲಿ ಕೊಂಡ ಕತ್ತಿಯಿಂದ ಗೆಲ್ಲಬಹುದಾದ ಯಾವ ಆಟಕ್ಕೂ ಆ ಮಾನ್ಯತೆ ದಕ್ಕಬಾರದು. ಆಟಗಳನ್ನು ವರ್ಗೀಕರಿಸಿ ನೋಂದಾಯಿಸುವ ಪ್ರಾಧಿಕಾರಕ್ಕೆ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ಆ ಪ್ರಾಧಿಕಾರದ ಅರ್ಜಿ ನಮೂನೆಯಲ್ಲಿ ಎರಡು ಕಲಂಗಳನ್ನು ಸೇರಿಸಬೇಕೆಂಬುದು ನನ್ನ ಸಲಹೆ. ಪಂದ್ಯ ಆರಂಭವಾಗುವಾಗ ಎಲ್ಲ ಆಟಗಾರರ ಒಟ್ಟು ಬಲ ಒಂದೇ ಇರುತ್ತದೆಯೇ? ಇಲ್ಲವಾದರೆ, ವ್ಯತ್ಯಾಸವನ್ನು ಹಣ ಕೊಟ್ಟು ಕೊಳ್ಳಲು ಸಾಧ್ಯವೇ, ಸಾಧ್ಯವಾದರೆ ಯಾವ ಬೆಲೆಗೆ ಮತ್ತು ಯಾವ ಸಂಭಾವ್ಯತೆಯಲ್ಲಿ? ಎರಡನೆಯ ಕಲಮಿನ ಉತ್ತರವನ್ನು ಆಟದ ಮೊದಲ ಪುಟದಲ್ಲಿಯೇ, ಪೋಷಕರು ಓದಬಲ್ಲ ಅಕ್ಷರಗಳಲ್ಲಿ ಮುದ್ರಿಸುವಂತಾಗಬೇಕು.