ತಲೆಗೆ ತಕ್ಕ ಕಾಯಿಲ್

ಮೆದುಳಿನ ಎಂಆರ್‌ಐ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಮಷೀನು ಎಷ್ಟು ಟೆಸ್ಲಾದ್ದು? 1.5 ಟೆಸ್ಲಾವೋ, 3 ಟೆಸ್ಲಾವೋ? ಅಯಸ್ಕಾಂತದ ಬಲದ ಅಳತೆ ಅದು, ಕೇಳಬೇಕಾದ ಮಾತೇ. ಆದರೆ ಅದೇ ಮಷೀನಿನಲ್ಲಿ, ಅದೇ ರೋಗಿಯ ತಲೆಯನ್ನು ಬೇರೆ ಬೇರೆ ಹೆಡ್ ಕಾಯಿಲ್‌ಗಳಲ್ಲಿಟ್ಟು ತೆಗೆದರೆ ಚಿತ್ರ ಒಂದೇ ಥರ ಬರುವುದಿಲ್ಲ. ಮಲಗಿದವರ ಮುಖದ ಮೇಲೆ ಟೆಕ್ನೀಷಿಯನ್ ಕೂರಿಸುವ ಆ ಪ್ಲಾಸ್ಟಿಕ್ ಪಂಜರ, ತಲೆ ಅಲುಗದಂತೆ ಹಿಡಿಯುವುದಕ್ಕಷ್ಟೇ ಇದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಆಂಟೆನಾ. ಚಿತ್ರಕ್ಕೆ ಬೇಕಾದ ಸಿಗ್ನಲ್ಲನ್ನು ಹಿಡಿಯುವುದು ಅದೇ.

3 ಟೆಸ್ಲಾದಲ್ಲಿ ಮೆದುಳಿನ ನೀರಿನ ಹೈಡ್ರೋಜನ್ ಹೊಮ್ಮಿಸುವ ಸಿಗ್ನಲ್ಲು ಸುಮಾರು 128 ಮೆಗಾಹರ್ಟ್ಸ್‌ನದು, 1.5 ಟೆಸ್ಲಾದಲ್ಲಿ 64. ಇವೆರಡರ ನಡುವೆಯೇ ನಮ್ಮ ಎಫ್‌ಎಂ ರೇಡಿಯೊ ಇದೆ. ಹೊರಗಿನ ರೇಡಿಯೊ ಅಲೆಗಳು ಒಳನುಸುಳದಿರಲೆಂದೇ ಸ್ಕ್ಯಾನ್ ಕೋಣೆಗೆ ಲೋಹದ ಹೊದಿಕೆ ಹಾಕಿರುತ್ತಾರೆ. ತಲೆಯೊಳಗಿನ ಗದ್ದಲಕ್ಕೆ ಮಾತ್ರ ಅಂಥ ಗೋಡೆ ಕಟ್ಟಲಾಗದು. ದೇಹ ಬೆಚ್ಚಗಿದೆ, ಅದರಲ್ಲಿ ಉಪ್ಪುನೀರಿದೆ. ಅಲ್ಲಿನ ವಿದ್ಯುತ್ ಕಣಗಳ ಅಲೆದಾಟವೇ ಗದ್ದಲವಾಗಿ ಸಿಗ್ನಲ್ಲಿನ ಜೊತೆ ಬೆರೆಯುತ್ತದೆ. ದೊಡ್ಡ ಕಾಯಿಲ್ ಇಡೀ ತಲೆಯ ಗದ್ದಲವನ್ನು ಹೀರಿಕೊಳ್ಳುತ್ತದೆ. ಚರ್ಮಕ್ಕೆ ಹತ್ತಿರವಿಟ್ಟ ಚಿಕ್ಕ ಲೂಪ್ ತನ್ನ ಕೆಳಗಿನ ತುಣುಕಿನದ್ದನ್ನಷ್ಟೇ ಹಿಡಿಯುತ್ತದೆ, ಪಿಸುಮಾತಿಗೆ ಕಿವಿ ಹತ್ತಿರ ಒಯ್ದ ಹಾಗೆ. ಆದರೆ ಅದಕ್ಕೆ ಆಳ ಎಟುಕುವುದಿಲ್ಲ.

1985ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಸೆಸಿಲ್ ಹೇಯ್ಸ್ ಮತ್ತು ಸಂಗಡಿಗರು ಇಡೀ ತಲೆಯನ್ನು ಸುತ್ತುವರಿಯುವ ‘ಬರ್ಡ್‌ಕೇಜ್’ (ಹಕ್ಕಿಪಂಜರ) ಕಾಯಿಲ್ ತಂದರು. ಅದರಲ್ಲಿ ಚಿತ್ರದ ಬೆಳಕು ಎಲ್ಲೆಡೆ ಸಮನಾಗಿ ಬರುತ್ತಿತ್ತು, ಆದರೆ ಹತ್ತಿರವಿಟ್ಟ ಚಿಕ್ಕ ಲೂಪಿನಷ್ಟು ಸೂಕ್ಷ್ಮತೆ ಇರಲಿಲ್ಲ. 1990ರಲ್ಲಿ ಅದೇ ಕಂಪನಿಯ ಪೀಟರ್ ರೋಮರ್ ತಂಡ ಚಿಕ್ಕ ಲೂಪ್‌ಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಬೇರೆ ರಿಸೀವರ್, ಅಂದರೆ ಬೇರೆ ಚಾನೆಲ್, ಕೊಟ್ಟಿತು. ಪಕ್ಕಪಕ್ಕದ ಲೂಪ್‌ಗಳು ಒಂದರ ಸಿಗ್ನಲ್ಲನ್ನು ಇನ್ನೊಂದು ಕದಡುವುದು ಸಹಜ. ಸರಿಯಾದ ಅಳತೆಯಲ್ಲಿ ಒಂದರ ಮೇಲೊಂದು ಸ್ವಲ್ಪ ಹೊದಿಸಿದರೆ ಆ ಕಾಟ ಅಳಿಯುತ್ತದೆಂದು ಅವರು ತೋರಿಸಿದರು. ಕಾಯಿಲ್ ಕಟ್ಟುವ ಕಸುಬಿನ ತಿರುಳೇ ಇದು ಎನ್ನುವೆ.

ಅದರ ಅತ್ಯುತ್ತಮ ರೂಪ ಬಂದದ್ದು ಬಾಸ್ಟನ್ನಿನ ಮಾರ್ಟಿನೋಸ್ ಸೆಂಟರ್‌ನಿಂದ. ಗ್ರಹಾಂ ವಿಗಿನ್ಸ್, ಲಾರೆನ್ಸ್ ವಾಲ್ಡ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ 32 ಚಾನೆಲ್ ಕಾಯಿಲ್ ತಲೆಗೆ ಒತ್ತಿ ಕೂರುವ ಹೆಲ್ಮೆಟ್. ಫುಟ್‌ಬಾಲಿನ ಮೇಲಿರುವ ಐದು ಮೂಲೆ, ಆರು ಮೂಲೆಗಳ ವಿನ್ಯಾಸದಲ್ಲೇ ದುಂಡನೆಯ ಲೂಪ್‌ಗಳನ್ನು ಹೊಂದಿಸಿದ್ದರು. ಇಂಥ ಲೂಪ್ ತಾಮ್ರದ ಬಳೆ. ನಡುನಡುವೆ ಪುಟ್ಟ ಕೆಪಾಸಿಟರ್‌ಗಳನ್ನು ಬೆಸುಗೆ ಹಾಕಿ 3 ಟೆಸ್ಲಾದ ಆ ಆವರ್ತನಕ್ಕೆ ಶ್ರುತಿ ಮಾಡುತ್ತಾರೆ. ಮಷೀನು ರೇಡಿಯೊ ಅಲೆ ಕಳಿಸುವಷ್ಟು ಹೊತ್ತು ಡಯೋಡೊಂದು ಲೂಪನ್ನು ಶ್ರುತಿ ತಪ್ಪಿಸಿ ಇಡಬೇಕು. ಇಲ್ಲವಾದರೆ ಲೂಪೇ ಬಿಸಿಯಾದೀತು, ರೋಗಿಗೂ ಅಪಾಯ.

ಈ ಹೆಲ್ಮೆಟ್ಟಿನ ಫಲ ಎಷ್ಟು? ಅದಕ್ಕಿಂತ ಗಾತ್ರದಲ್ಲಿ ದೊಡ್ಡದಾದ 8 ಚಾನೆಲ್ ಕಾಯಿಲ್‌ಗೆ ಹೋಲಿಸಿದರೆ, ಗದ್ದಲದ ಎದುರು ಸಿಗ್ನಲ್ಲಿನ ಪ್ರಮಾಣ ಮೆದುಳಿನ ಹೊರಪದರದಲ್ಲಿ 3.5 ಪಟ್ಟಿನವರೆಗೆ ಏರಿತು. ಹಳೆಯ ಕಾಯಿಲ್‌ನಲ್ಲಿ ಅಷ್ಟು ಸಾಧಿಸಲು ಸುಮಾರು 12 ಪಟ್ಟು ಹೊತ್ತು ಸ್ಕ್ಯಾನ್ ಮಾಡಬೇಕು. ಆದರೆ ಮೆದುಳಿನ ನಡುವಿನ ಕಾರ್ಪಸ್ ಕಲೋಸಮ್ ಎಂಬ ಭಾಗದಲ್ಲಿ ಏರಿದ್ದು 1.4 ಪಟ್ಟು ಮಾತ್ರ. ಚಾನೆಲ್ ಹೆಚ್ಚಿದಷ್ಟೂ ಎಲ್ಲ ಕಡೆ ಚಿತ್ರ ಚೆನ್ನಾಗುತ್ತದೆ ಎಂಬುದು ಪೂರ್ತಿ ನಿಜವಲ್ಲ. ಅಪಸ್ಮಾರಕ್ಕೆ ಕಾರಣವಾಗುವ ಹೊರಪದರದ ಸಣ್ಣ ದೋಷ ಹುಡುಕುವಾಗ ಹೆಚ್ಚು ಚಾನೆಲ್ ವರ. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ನೋಡುವಾಗ ಅಷ್ಟಲ್ಲ. ಅಂಚು ಹೆಚ್ಚು ಬೆಳ್ಳಗೆ, ನಡು ಮಂಕಾಗಿ ಬರುವ ಚಿತ್ರವನ್ನು ಸಾಫ್ಟ್‌ವೇರ್ ಸಮ ಮಾಡುತ್ತದೆ, ನಿಜ. ಆದರೆ ನಡುವಿನ ಗದ್ದಲವನ್ನು ಅದು ಇಳಿಸುವುದಿಲ್ಲ.

ಗಾತ್ರದ ಮಾತು ಮಕ್ಕಳಲ್ಲಿ ಇನ್ನೂ ಮುಖ್ಯ. ದೊಡ್ಡವರ ಕಾಯಿಲ್‌ನಲ್ಲಿ ಕೂಸಿನ ತಲೆ ಇಟ್ಟರೆ ಸುತ್ತಲೂ ಖಾಲಿ ಜಾಗ, ಲೂಪ್‌ಗಳು ದೂರ. ಇದನ್ನು ಮನಗಂಡ ಬೋರಿಸ್ ಕೈಲ್, ವಾಲ್ಡ್ ತಂಡ 2011ರಲ್ಲಿ ನವಜಾತ ಶಿಶುವಿನಿಂದ 7 ವರ್ಷದ ಮಗುವಿನವರೆಗೆ ಐದು ಅಳತೆಯ ಕಾಯಿಲ್‌ಗಳನ್ನು ಮಾಡಿತು. ಇಂಥವು ಎಲ್ಲ ಆಸ್ಪತ್ರೆಗಳಿಗೂ ಬರಬೇಕಿತ್ತು. ದಪ್ಪ ತಲೆಯವರದು ಇನ್ನೊಂದು ಕಷ್ಟ: ಬಿಗಿ ಹೆಲ್ಮೆಟ್ ಹಿಡಿಯದೆ ದೊಡ್ಡ ಕಾಯಿಲ್‌ಗೇ ಮೊರೆಹೋಗಬೇಕು.

ಹಾಗಾಗಿ, ಮನೆಯವರೊಬ್ಬರಿಗೆ ಮೆದುಳಿನ ಸ್ಕ್ಯಾನ್ ಬರೆದುಕೊಟ್ಟರೆ, ಅದರಲ್ಲೂ ಮಗುವಿಗಾದರೆ, ಟೆಸ್ಲಾದ ಜೊತೆ ಯಾವ ಹೆಡ್ ಕಾಯಿಲ್ ಬಳಸುತ್ತೀರಿ ಎಂದೂ ಕೇಳಿ. ಟೆಕ್ನೀಷಿಯನ್ ತಲೆಯನ್ನು ಕಾಯಿಲ್‌ನ ಒಳಕ್ಕೆ ಸರಿಯಾಗಿ ತಳ್ಳಿ, ಪಕ್ಕಕ್ಕೆ ಸ್ಪಾಂಜ್ ತುರುಕುವಾಗ ಬೇಸರಿಸಬೇಡಿ. ಅವರು ನಿಮ್ಮ ಚಿತ್ರವನ್ನೇ ಉತ್ತಮಪಡಿಸುತ್ತಿದ್ದಾರೆ.