ಆರು ಜನರ ಅಂಗಡಿಗೂ ಇಎಸ್‌ಐ ಬರಲಿ

ಸೊರಬ ತಾಲ್ಲೂಕಿನ ಉಳವಿಯಲ್ಲಿ ನನ್ನದೊಂದು ಸಿಮೆಂಟು-ಕಬ್ಬಿಣದ ಅಂಗಡಿ. ಆರು ಜನ ಕೆಲಸಕ್ಕಿದ್ದಾರೆ. ಹೋದ ಮಳೆಗಾಲದಲ್ಲಿ ಲೋಡು ಇಳಿಸುವ ಹುಡುಗನಿಗೆ ಹರ್ನಿಯಾ ಆಯಿತು. ಸಾಗರದಲ್ಲಿ ತೋರಿಸಿ, ಶಿವಮೊಗ್ಗದಲ್ಲಿ ಆಪರೇಶನ್ ಮಾಡಿಸಿದೆವು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ. ಇವನದು ಎಪಿಎಲ್ ಕಾರ್ಡು. ಅರ್ಧ ಖರ್ಚು ನಾನು ಕೊಟ್ಟೆ, ಉಳಿದದ್ದನ್ನು ಅವನ ಹೆಸರಿಗೆ ಅಡ್ವಾನ್ಸ್ ಬರೆದೆ. ಈಗ ಚೀಲ ಹೊರುವಂತಿಲ್ಲ, ತಕ್ಕಡಿ ಹತ್ತಿರ ಕೂತು ಮೊಳೆ ತೂಗುತ್ತಾನೆ. ವಾರದ ಬಟವಾಡೆಯಲ್ಲಿ ಐನೂರು ಮುರಿದುಕೊಳ್ಳುವಾಗ ನನ್ನ ಕೈ ಹಿಂಜರಿಯುತ್ತದೆ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದಿದ್ದರೆ ಚಿಕಿತ್ಸೆಯ ಜೊತೆಗೆ, ಮಲಗಿದ ದಿನಗಳಿಗೆ ಕೂಲಿಯ ಶೇ 70 ಸಿಗುತ್ತಿತ್ತು, ವರ್ಷಕ್ಕೆ 91 ದಿನದವರೆಗೆ. ಆಯುಷ್ಮಾನ್ ಕಾರ್ಡು ಕೂಲಿ ಕೊಡುವುದಿಲ್ಲ. ಆದರೆ 1948ರ ಇಎಸ್‌ಐ ಕಾಯ್ದೆ ನಮ್ಮಂಥ ಅಂಗಡಿಗಳಿಗೆ ಅನ್ವಯಿಸಬೇಕಾದರೆ ಹತ್ತು ಜನ ಕೆಲಸಗಾರರಿರಬೇಕಿತ್ತು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಸಣ್ಣವರಿಗೂ ಬಾಗಿಲು ತೆರೆದಿದೆ. ಮಾಲೀಕನೂ ಹೆಚ್ಚಿನ ಕೆಲಸಗಾರರೂ ಒಪ್ಪಿ ಅರ್ಜಿ ಹಾಕಿದರೆ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯೂ ಇಎಸ್‌ಐ ಪಡೆಯಬಹುದು. 2019ರ ಜುಲೈಯಿಂದ ಮಾಲೀಕರ ಪಾಲು ಶೇ 3.25, ಕೆಲಸಗಾರರದು ಶೇ 0.75. ಹನ್ನೆರಡು ಸಾವಿರ ಸಂಬಳಕ್ಕೆ ನನ್ನಿಂದ 390 ರೂಪಾಯಿ, ಅವನಿಂದ 90. ಆರು ಜನಕ್ಕೆ ನನ್ನ ಪಾಲು ತಿಂಗಳಿಗೆ 2,340. ಮಳೆಗಾಲದಲ್ಲಿ ಕಟ್ಟಡ ಕೆಲಸ ನಿಂತು ವ್ಯಾಪಾರ ಬಿದ್ದಾಗ ಇದೂ ಭಾರವೇ.

ಇಎಸ್‌ಐ ಬದಲು ಖಾಸಗಿ ವಿಮೆ ಮಾಡಿಸೋಣವೆಂದರೆ ಅಲ್ಲಿ ಇನ್ನೊಂದು ಅನ್ಯಾಯ. 2025ರ ಸೆಪ್ಟೆಂಬರ್ 22ರಿಂದ ಜನ ತಮಗಾಗಿ ಮಾಡಿಸುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಮಾಲೀಕ ಕೆಲಸಗಾರರಿಗೆ ಮಾಡಿಸುವ ಗುಂಪು ವಿಮೆಗೆ ಶೇ 18 ಹಾಗೆಯೇ ಉಳಿದಿದೆ. ಇದು ಹೋಗಲೇಬೇಕು.

2016ರಲ್ಲಿ ಇಎಸ್‌ಐ ಹೊಸದಾಗಿ ಕಾಲಿಟ್ಟ ಪ್ರದೇಶಗಳಲ್ಲಿ ಮಾಲೀಕರ ಪಾಲನ್ನು ಎರಡು ವರ್ಷ ಶೇ 4.75ರ ಬದಲು 3ಕ್ಕೆ ಇಳಿಸಿದ್ದರು. ಹತ್ತರೊಳಗಿನ ಅಂಗಡಿ, ಗ್ಯಾರೇಜು, ಹೋಟೆಲುಗಳಿಗೂ ಅಂಥದೇ ರಿಯಾಯಿತಿ ಬರಲಿ. ಮೊದಲ ವರ್ಷಗಳಲ್ಲಿ ನಮ್ಮ ಪಾಲಿನ ಅರ್ಧವನ್ನು ಸರ್ಕಾರ ಕಟ್ಟಲಿ. ಸೊರಬದಲ್ಲೇ ಇಎಸ್‌ಐ ವೈದ್ಯರು ಸಿಗುವಂತಾಗಲಿ. ಜ್ವರಕ್ಕೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವಂತಾದರೆ ಯಾರು ಒಪ್ಪುತ್ತಾರೆ?

ಸಣ್ಣ ಅಂಗಡಿ ನಡೆಸುವವರೇ, ಮುಂದಿನ ಬಟವಾಡೆಯ ದಿನ ನಿಮ್ಮ ಕೆಲಸಗಾರರನ್ನು ಕೂರಿಸಿಕೊಂಡು ಈ ಲೆಕ್ಕ ತೋರಿಸಿ. ಅರ್ಜಿಗೆ ಅವರ ಒಪ್ಪಿಗೆಯೂ ಬೇಕು.