ವೈ-ಫೈ 7: ಹಣ ಹೂಡುವ ಮುನ್ನ

ವೈ-ಫೈ 7 ಎಂದು ದೊಡ್ಡಕ್ಷರಗಳಲ್ಲಿ ಮುದ್ರಿಸಿದ ರೂಟರ್‌ಗಳು ಮಾರುಕಟ್ಟೆಗೆ ಬಂದಿವೆ. ಈ ಪೀಳಿಗೆಯ ಉಪಕರಣಗಳಿಗೆ ವೈ-ಫೈ ಅಲಯನ್ಸ್ ಸಂಸ್ಥೆಯು ಪ್ರಮಾಣಪತ್ರ ನೀಡಲಾರಂಭಿಸಿದ್ದು 2024ರ ಜನವರಿಯಲ್ಲಿ. ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಸಣ್ಣ ವರ್ತಕರು ಇದಕ್ಕೆ ಹಣ ಹೂಡಬೇಕೆ ಎಂಬುದು ವಿಚಾರಾರ್ಹ.

ಹಳೆಯ ರೂಟರ್‌ಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಭಾರತ ಹುಣ್ಣಿಮೆಯ ಜಾತ್ರೆಗೆ ಉಗರಗೋಳ, ಯಲ್ಲಮ್ಮನ ಗುಡ್ಡಗಳಲ್ಲಿ ಜನ ನೆರೆದಾಗ ಈ ಮೂರು ದಾರಿಗಳಲ್ಲಿ ನೂಕುನುಗ್ಗಲು ತಪ್ಪದು. ಕುಂಕುಮ, ಭಂಡಾರ, ಬಳೆಗಳ ವ್ಯಾಪಾರ ಭರದಿಂದ ನಡೆದಿರುವಾಗಲೇ ಬಿಲ್ಲಿಂಗ್ ಗಣಕ ನಿಂತರೆ ಗಿರಾಕಿ ಪಕ್ಕದಂಗಡಿಗೆ ನಡೆಯುತ್ತಾನೆ. ಇದಕ್ಕೆ ನಿಜವಾದ ಪರಿಹಾರ ತಂದದ್ದು 2019ರ ವೈ-ಫೈ 6. ಒಬ್ಬೊಬ್ಬರ ಮೂಟೆಗೆ ಒಂದೊಂದು ಲಾರಿ ಕಳುಹಿಸುವ ಬದಲು ಹಲವರ ಮೂಟೆಗಳನ್ನು ಒಂದೇ ಲಾರಿಯಲ್ಲಿ ಹೇರುವಂತೆ, ಅದು ಹಲವು ಸಾಧನಗಳ ಮಾಹಿತಿಯನ್ನು ಒಂದೇ ಸರದಿಯಲ್ಲಿ ಸಾಗಿಸುತ್ತದೆ. ಆದರೆ ಗಿರಾಕಿಯ ಮೊಬೈಲ್ ಟವರಿನ ದಟ್ಟಣೆಗೆ ಅಂಗಡಿಯ ಯಾವ ರೂಟರೂ ಮದ್ದಲ್ಲ.

ವೈ-ಫೈ 7ರ ಹೆಚ್ಚುಗಾರಿಕೆ ಎರಡು: ಒಂದೇ ಸಾಧನ ಏಕಕಾಲಕ್ಕೆ ಹಲವು ತರಂಗಪಟ್ಟಿಗಳನ್ನು ಬಳಸಬಲ್ಲದು, ಚಾನೆಲ್ಲಿನ ಅಗಲ 320 ಮೆಗಾಹರ್ಟ್ಸ್‌ವರೆಗೆ ಹಿಗ್ಗಬಲ್ಲದು. ಈ ಅಗಲಕ್ಕೆ 6 ಗಿಗಾಹರ್ಟ್ಸ್ ಪಟ್ಟಿಯೇ ಬೇಕು. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಪ್ರಕಟಿಸಿದ ಕರಡು ನಿಯಮಗಳು ಪರವಾನಗಿಯಿಂದ ಮುಕ್ತಗೊಳಿಸಲು ಸೂಚಿಸಿದ್ದು ಅದರ ಕೆಳಭಾಗದ 500 ಮೆಗಾಹರ್ಟ್ಸ್ ಮಾತ್ರ. ಅಷ್ಟರಲ್ಲಿ ಹಿಡಿಯುವುದು ಅಂಥ ಒಂದೇ ಚಾನೆಲ್. ಅಗ್ಗದ ಕೆಲವು ವೈ-ಫೈ 7 ರೂಟರ್‌ಗಳಲ್ಲಂತೂ 6 ಗಿಗಾಹರ್ಟ್ಸ್ ಸೌಲಭ್ಯವೇ ಇಲ್ಲ. ಮೇಲಾಗಿ ಈ ತರಂಗ ನಮ್ಮ ಕಡೆಯ ದಪ್ಪ ಕಲ್ಲುಗೋಡೆಗಳನ್ನು ದಾಟಿ ಗೋದಾಮು ತಲುಪುವುದು ಕಷ್ಟ. ಅಲ್ಲಿಗೆ ಕೇಬಲ್ ಎಳೆದು ಇನ್ನೊಂದು ಸಾಧಾರಣ ರೂಟರ್ ಇಡುವುದೇ ಮೇಲು. ಫೈಬರ್ ಸಂಪರ್ಕವೇ 100 ಎಂಬಿಪಿಎಸ್ ಇದ್ದಾಗ ಸಾವಿರಗಟ್ಟಲೆ ವೇಗದ ರೂಟರ್ ಇಟ್ಟರೂ ಅಂತರ್ಜಾಲ ಅದಕ್ಕಿಂತ ವೇಗವಾಗದು. ನಾಲ್ಕಾರು ಗಣಕಗಳ ಕಚೇರಿಗೆ ಸದ್ಯ ವೈ-ಫೈ 6 ಸಾಕೆಂಬುದು ನನ್ನ ಅಭಿಪ್ರಾಯ.

ಇನ್ನು ಲೆಕ್ಕಪತ್ರದ ಮಾತು. ಜಿಎಸ್‌ಟಿ ಸಾಮಾನ್ಯ ನೋಂದಣಿ ಉಳ್ಳವರು ರೂಟರಿನ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಆ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಅವರು ತೆರಿಗೆ ಸೇರಿದ ಬೆಲೆಯನ್ನೇ ತೂಗಿ ನೋಡಬೇಕು. ಗಣಕದೊಡನೆ ಬಳಸುವ ರೂಟರ್ ಗಣಕಯಂತ್ರದ ವರ್ಗಕ್ಕೆ ಸೇರುತ್ತದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು 2010ರಲ್ಲಿ ಡಾಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ತೀರ್ಪಿತ್ತಿತು. ಹಾಗಾಗಿ ಯಂತ್ರೋಪಕರಣಗಳ ಶೇ. 15ರ ಬದಲು ಶೇ. 40ರ ಸವಕಳಿ ಕೇಳಲು ಆಧಾರವಿದೆ. ಖರೀದಿಸಿದ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅರ್ಧವಷ್ಟೇ. ಜಾತ್ರೆಗೆಂದು ಜನವರಿಯಲ್ಲಿ ಕೊಳ್ಳುವವರು ಸೆಪ್ಟೆಂಬರಿನಲ್ಲೇ ಕೊಂಡು ಬಳಕೆಗೆ ತಂದರೆ ಪೂರ್ತಿ ದೊರೆಯುತ್ತದೆ. ಬೆಲೆ ಹತ್ತು ಸಾವಿರ ರೂಪಾಯಿ ಮೀರಿದರೆ ನಗದು ಕೊಡಬೇಡಿ, ಬ್ಯಾಂಕಿನ ಮೂಲಕವೇ ಪಾವತಿಸಿ. ಹಾಗೆ ನಗದಾಗಿ ಕೊಟ್ಟ ಮೊತ್ತ ಆಸ್ತಿಯ ಮೌಲ್ಯಕ್ಕೇ ಸೇರದು.